ಪೃಚ್ಛಕನ ಪಾಲು: ಶ್ರೇಣಿಕನಿಂದ ‘ಇಗೋ ಕನ್ನಡ’ದವರೆಗೆ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಕಿರುಗಾವಲು ಎಂಬ ಹೋಬಳಿ ಕೇಂದ್ರವಿದೆ. ವ್ಯಾಕರಣದ ತರಗತಿಯಲ್ಲಿ ಈ ಊರಿನ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದರೆ ಎರಡು ಪ್ರಶ್ನೆಗಳು ಏಳುತ್ತವೆ. ‘ಕಿರು’ ಎಂಬುದರ ಮುಂದೆ ಬಂದ ‘ಕಾವಲು’ ‘ಗಾವಲು’ ಆದದ್ದು ಸರಿಯಾದರೆ, ದೂರದರ್ಶನಕ್ಕೆ ನಾವು ಇಟ್ಟುಕೊಂಡಿರುವ ‘ಕಿರುತೆರೆ’ ಎಂಬ ಹೆಸರು ‘ಕಿರುದೆರೆ’ ಎಂದೇಕೆ ಆಗಲಿಲ್ಲ? ಇದು ಮೊದಲನೆಯದು. ಈ ಊರಿನಲ್ಲಿ ಕಾವಲಿದ್ದದ್ದು ಯಾವುದಕ್ಕೆ? ಇದು ಎರಡನೆಯದು. ಎರಡೂ ಪಂಡಿತರ ಪ್ರಶ್ನೆಗಳಲ್ಲ. ಭಾಷೆಯನ್ನು ದಿನವೂ ಬಳಸುವವನಿಗೆ ಒಂದು ಗಳಿಗೆ ಕಾಲು ಎಡವಿದಂತಾಗಿ ಹುಟ್ಟುವ ಪ್ರಶ್ನೆಗಳು. ಇಂಥ ಪ್ರಶ್ನೆಗಳಿಗೆ ವಿಶ್ವವಿದ್ಯಾಲಯದ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅವು ಒಂದು ಅಂಚೆ ಕಾಗದದಲ್ಲಿ ಕುಳಿತು ಪತ್ರಿಕಾ ಕಚೇರಿಗೆ ಹೋಗುವ ಕಾಲವೊಂದಿತ್ತು.

1990ರ ದಶಕದಲ್ಲಿ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣ ಪ್ರಕಟವಾಗುತ್ತಿತ್ತು. ಓದುಗರು ಪದಗಳ ಬಗ್ಗೆ ಕೇಳಿದ ಸಂದೇಹಗಳಿಗೆ ಉತ್ತರ ಕೊಡುತ್ತಿದ್ದವರು ಪ್ರೊ. ಜಿ. ವೆಂಕಟಸುಬ್ಬಯ್ಯ. 1913ರ ಆಗಸ್ಟ್ 23ರಂದು ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಹುಟ್ಟಿದ ಅವರು ಇಂದಿನ ಮಂಡ್ಯ ಜಿಲ್ಲೆಯವರೇ; ಅಧ್ಯಾಪನ ವೃತ್ತಿಯನ್ನು ಆರಂಭಿಸಿದ್ದೂ ಮಂಡ್ಯದಲ್ಲಿಯೇ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದ ವಿದ್ವಾಂಸರು ವಾರವಾರವೂ ಅಪರಿಚಿತರ ಕಾಗದಕ್ಕೆ ಉತ್ತರ ಬರೆಯಲು ಕುಳಿತದ್ದನ್ನು ಕೆಲವರು ವಿದ್ವತ್ತಿನ ಬಿಡುವಿನ ವಿನೋದವೆಂದು ಎಣಿಸಿದ್ದುಂಟು. ಆ ಎಣಿಕೆ ತಪ್ಪು. ಉತ್ತರ ಕೊಡುವುದು ಕನ್ನಡ ಸಾಹಿತ್ಯದ ಅತ್ಯಂತ ಹಳೆಯ ಕಸುಬುಗಳಲ್ಲಿ ಒಂದು. ಅದರ ಬೇರು ಜೈನ ವಾಙ್ಮಯದಲ್ಲಿದೆ.

ದಿಗಂಬರ ಪರಂಪರೆ ಹೇಳುವ ಒಂದು ಪ್ರಸಂಗವನ್ನು ಇಲ್ಲಿ ನೆನೆಯಬೇಕು. ವರ್ಧಮಾನ ಮಹಾವೀರರಿಗೆ ಕೇವಲಜ್ಞಾನವಾಯಿತು, ಸಮವಸರಣ ರಚನೆಯಾಯಿತು, ದೇವಮಾನವರು ನೆರೆದರು. ಆದರೂ 66 ದಿನಗಳ ಕಾಲ ದಿವ್ಯಧ್ವನಿ ಹೊರಡಲಿಲ್ಲ. ಅದನ್ನು ಗ್ರಹಿಸಿ ಲೋಕಕ್ಕೆ ನಿರೂಪಿಸಬಲ್ಲ ಗಣಧರನಿರಲಿಲ್ಲವೆಂಬುದೇ ಕಾರಣ. ಕೊನೆಗೆ ಇಂದ್ರನು ವೇಷ ಮರೆಸಿಕೊಂಡು ಇಂದ್ರಭೂತಿ ಗೌತಮನೆಂಬ ಬ್ರಾಹ್ಮಣ ಪಂಡಿತನ ಬಳಿಗೆ ಹೋಗಿ ಒಂದು ಪದ್ಯದ ಅರ್ಥವನ್ನು ಕೇಳಿದ. ಅಷ್ಟೂ ಶಾಸ್ತ್ರಗಳನ್ನು ಓದಿದ ಗೌತಮನಿಗೆ ಅರ್ಥ ಹೊಳೆಯಲಿಲ್ಲ. ಆ ಸಂದೇಹವೇ ಅವನನ್ನು ಸಮವಸರಣಕ್ಕೆ ಎಳೆದು ತಂದಿತು. ರಾಜಗೃಹದ ವಿಪುಲಾಚಲದಲ್ಲಿ, ಶ್ರಾವಣ ಬಹುಳ ಪಾಡ್ಯದಂದು, ಮೌನ ಮುರಿಯಿತು. ಇಂದಿಗೂ ಆ ದಿನವನ್ನು ವೀರಶಾಸನ ಜಯಂತಿಯೆಂದು ಆಚರಿಸುತ್ತಾರೆ. ಸರ್ವಜ್ಞನ ವಾಣಿಯೂ ಪಾತ್ರಕ್ಕಾಗಿ ಕಾದಿತ್ತು. ಆ ಪಾತ್ರನನ್ನು ಕರೆತಂದದ್ದು ಒಂದು ಪ್ರಶ್ನೆ. ಇದನ್ನು ಪುರಾಣದ ಅಲಂಕಾರವೆಂದು ಬದಿಗಿಡಬಹುದು. ಆದರೆ ಜ್ಞಾನವು ಹೇಳುವವನಲ್ಲಿ ಮಾತ್ರ ಇರುವುದಿಲ್ಲವೆಂಬ ಗಟ್ಟಿಯಾದ ತಿಳಿವಳಿಕೆ ಆ ಕಥೆಯ ಒಳಗಿದೆ.

ಮುಂದೆ ಜೈನ ಪುರಾಣಗಳೆಲ್ಲ ಹಿಡಿದದ್ದು ಇದೇ ಚೌಕಟ್ಟನ್ನು. ಮಗಧದ ಅರಸ ಶ್ರೇಣಿಕ ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಸಂಸ್ಕೃತದಲ್ಲಿ ಜಿನಸೇನರು ಬೆಳೆಸಿದ ಈ ಚೌಕಟ್ಟು ಕನ್ನಡ ಪುರಾಣಕಾರರಿಗೂ ಪರಿಚಿತವಾಯಿತು. ಕಾವ್ಯವನ್ನು ಓದುವ ಆತುರದಲ್ಲಿ ವಿದ್ಯಾರ್ಥಿಗಳು ಈ ಪೀಠಿಕಾಭಾಗವನ್ನು ಹಾರಿಸಿಬಿಡುತ್ತಾರೆ; ಪಠ್ಯಪುಸ್ತಕಗಳೂ ಅದಕ್ಕೆ ಅನುವು ಮಾಡಿಕೊಡುತ್ತವೆ. ಆದರೆ ಶ್ರೇಣಿಕ ಯಾರೆಂಬುದನ್ನು ಗಮನಿಸಿದರೆ ಚೌಕಟ್ಟಿನ ಬಣ್ಣವೇ ಬೇರೆಯಾಗುತ್ತದೆ. ಧ್ಯಾನದಲ್ಲಿದ್ದ ಯಶೋಧರ ಮುನಿಯ ಕೊರಳಿಗೆ ಸತ್ತ ಹಾವನ್ನು ಹಾಕಿ ನರಕಾಯುಷ್ಯವನ್ನು ಕಟ್ಟಿಕೊಂಡವನು ಅವನು. ಆಮೇಲೆ ಅವನಿಗೆ ಕ್ಷಾಯಿಕ ಸಮ್ಯಕ್ತ್ವ ದೊರೆಯಿತು. ಏಳನೆಯ ನರಕದ ಪಾಡು ಮೊದಲನೆಯ ನರಕದ ಪಾಡಿಗೆ ಇಳಿಯಿತು. ಆದರೂ ನರಕ ತಪ್ಪಲಿಲ್ಲ. ಅದನ್ನು ಅನುಭವಿಸಿಯೇ ಮುಂದಿನ ಉತ್ಸರ್ಪಿಣಿಯಲ್ಲಿ ಮೊದಲ ತೀರ್ಥಂಕರನಾಗಬೇಕಾದವನು. ಅಂದರೆ ಪುರಾಣದ ಪೃಚ್ಛಕನು ಕುತೂಹಲಕ್ಕಾಗಿ ಕಾಲಹರಣ ಮಾಡುವ ಸಭಾಸದನಲ್ಲ. ಅವನ ಪ್ರಶ್ನೆಗೆ ಅವನದೇ ಬಾಳಿನ ಭಾರವಿದೆ. ಅವನು ಕೇಳಿದ್ದರಿಂದ ಅವನ ಕರ್ಮ ಪೂರ್ತಿ ಕರಗಲಿಲ್ಲ, ಆದರೆ ಅಲ್ಲಿ ಕುಳಿತವರಿಗೂ ಶತಮಾನಗಳ ಬಳಿಕ ಓಲೆಗರಿ ಬಿಡಿಸಿದವರಿಗೂ ಕಥೆ ದಕ್ಕಿತು.

ಪುರಾಣಗಳಿಂದ ಸಿದ್ಧಾಂತ ಗ್ರಂಥಗಳಿಗೆ ಬಂದರೆ ಪ್ರಶ್ನೆಯ ಸ್ಥಾನ ಇನ್ನೂ ಸ್ಪಷ್ಟವಾಗುತ್ತದೆ. ದ್ವಾದಶಾಂಗಗಳಲ್ಲಿ ಐದನೆಯದಾದ ವ್ಯಾಖ್ಯಾಪ್ರಜ್ಞಪ್ತಿಯಲ್ಲಿ ಜೀವವಿದೆಯೇ ಇಲ್ಲವೇ ಎಂಬುದೇ ಮೊದಲಾದ 60,000 ಪ್ರಶ್ನೆಗಳ ವಿವರಣೆ ಇತ್ತೆಂದು ದಿಗಂಬರ ಪರಂಪರೆಯ ನಂಬಿಕೆ. ಆ ಅಂಗ ಉಳಿಯಲಿಲ್ಲವೆಂಬುದೂ ಅದೇ ಪರಂಪರೆಯ ಮಾತು. ಎಣಿಕೆ ಉಳಿದಿದೆ, ಪ್ರಶ್ನೆಗಳು ಹೋಗಿವೆ. ಈ ನಷ್ಟದ ನೆನಪಿನಲ್ಲಿಯೇ ವೀರಸೇನಾಚಾರ್ಯರ ‘ಧವಲಾ’ ಟೀಕೆಯನ್ನು ಓದಬೇಕು. 816ರಲ್ಲಿ ಮುಗಿದ ಈ ಟೀಕೆಯ ಓಲೆಪ್ರತಿಗಳನ್ನು ಹಳಗನ್ನಡ ಲಿಪಿಯಲ್ಲಿ ಕಾಪಾಡಿಕೊಂಡು ಬಂದದ್ದು ಮೂಡುಬಿದಿರೆ. ವೀರಸೇನರ ನಡಿಗೆಯೇ ಶಂಕೆ-ಸಮಾಧಾನದ ನಡಿಗೆ. ಒಂದು ಸೂತ್ರ, ಅದರ ಮೇಲೊಂದು ಸಂದೇಹ, ಅದಕ್ಕೆ ಪರಿಹಾರ, ಆ ಪರಿಹಾರದ ಮೇಲೆ ಮತ್ತೊಂದು ಸಂದೇಹ. ಎರಡು ಆಚಾರ್ಯ ಪರಂಪರೆಗಳು ಒಂದೇ ವಿಷಯವನ್ನು ಬೇರೆಬೇರೆಯಾಗಿ ಹೇಳಿದ ಕಡೆ ಅವರು ತೀರ್ಪು ಕೊಡಲು ಮುಂದಾಗುವುದಿಲ್ಲ. ಇದನ್ನು ಬಗೆಹರಿಸಬಲ್ಲ ಕೇವಲಿಯಾಗಲಿ ಶ್ರುತಕೇವಲಿಯಾಗಲಿ ಈಗ ಇಲ್ಲವಾದ್ದರಿಂದ ಎರಡನ್ನೂ ಉಳಿಸಿಕೊಳ್ಳಬೇಕೆನ್ನುತ್ತಾರೆ. ಉತ್ತರಿಸುವವನ ಪ್ರಾಮಾಣಿಕತೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಇಂದಿನ ಸಂಶೋಧನ ಪ್ರಬಂಧಗಳಲ್ಲಿ ಈ ಗುಣ ಅಪರೂಪವಾಗಿರುವುದನ್ನು ಕಂಡಾಗ ವೀರಸೇನರನ್ನು ಪಠ್ಯವಾಗಿಡಬೇಕೆನ್ನಿಸಿದರೆ ಆಶ್ಚರ್ಯವಿಲ್ಲ.

ಪ್ರಶ್ನೋತ್ತರವೆಂಬ ಹೆಸರನ್ನೇ ಹೊತ್ತ ‘ಪ್ರಶ್ನೋತ್ತರ ರತ್ನಮಾಲಿಕೆ’ಯನ್ನು ಈ ಸಾಲಿನಲ್ಲಿ ಸೇರಿಸುವುದು ವಾಡಿಕೆ. ವಿವೇಕದಿಂದ ರಾಜ್ಯವನ್ನು ತೊರೆದ ಅಮೋಘವರ್ಷನ ಕೃತಿಯೆಂದು ಅದರ ಕೊನೆಯ ಪದ್ಯ ಸಾರುತ್ತದೆ. ಶಂಕರರ ಹೆಸರಿನಲ್ಲಿಯೂ ವಿಮಲನೆಂಬವನ ಹೆಸರಿನಲ್ಲಿಯೂ ಅದು ಪ್ರಚಾರದಲ್ಲಿದೆ. ಟಿಬೆಟ್ಟಿನ ಭಾಷೆಗೂ ಹೋದ ಕೃತಿ. ಸೊಗಸಾದ ರಚನೆ, ನಿಜ. ಆದರೆ ಅಲ್ಲಿ ಕೇಳುವವನೂ ಹೇಳುವವನೂ ಒಬ್ಬನೇ. ಉತ್ತರ ಮೊದಲು ಸಿದ್ಧವಾಗಿ, ಪ್ರಶ್ನೆ ಆಮೇಲೆ ಅದಕ್ಕೆ ಅಂಟಿಕೊಂಡಿದೆ. ಮೂರು ಮತದವರೂ ತಮ್ಮದೆನ್ನಲು ಸಾಧ್ಯವಾದದ್ದು ಬಹುಶಃ ಇದರಿಂದಲೇ: ಕೇಳಿದವನಿಗೆ ಊರಿಲ್ಲ, ಕಾಲವಿಲ್ಲ.

ಹೊಸಗನ್ನಡದ ಹೊಸ್ತಿಲಿನಲ್ಲಿ ಈ ಕೊರತೆಯನ್ನು ತುಂಬಿದವಳು ಮನೋರಮೆ. ಮುದ್ದಣನ (1870–1901) ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಕೇಳುವ ಈ ಹೆಂಡತಿ ಶ್ರೇಣಿಕನಂತೆ ಕೈಮುಗಿದು ಕೂರುವುದಿಲ್ಲ. ತಿಳಿಯದ ಸಂಸ್ಕೃತ ಬೇಡವೆನ್ನುತ್ತಾಳೆ, ನಡುನಡುವೆ ಬಾಯಿ ಹಾಕುತ್ತಾಳೆ, ಕಥನದ ಭಾಷೆಯನ್ನೇ ತನಗೆ ಬೇಕಾದಂತೆ ತಿರುಗಿಸುತ್ತಾಳೆ. ಪುರಾಣದ ಪೃಚ್ಛಕ ಇಲ್ಲಿ ಓದುಗಳಾಗಿದ್ದಾಳೆ. ಮುದ್ದಣನ ಪದಪ್ರಯೋಗಗಳಿಗೆ ಕೋಶವನ್ನು ಸಿದ್ಧಪಡಿಸಿದವರು ವೆಂಕಟಸುಬ್ಬಯ್ಯನವರೇ. ಸಂಸ್ಕೃತ ಕನ್ನಡಗಳ ಬೆರಕೆಯನ್ನು ತುಪ್ಪ ಎಣ್ಣೆಗಳ ಬೆರಕೆಗೆ ಹೋಲಿಸಿದ ಹನ್ನೆರಡನೆಯ ಶತಮಾನದ ಜೈನಕವಿ ನಯಸೇನನನ್ನು ಕುರಿತೂ ಅವರು ಬರೆದಿದ್ದಾರೆ. ಅಂಕಣಕಾರ ವೆಂಕಟಸುಬ್ಬಯ್ಯನವರ ಆಸಕ್ತಿಗಳು ಎಲ್ಲಿಂದ ಬಂದವೆಂದು ಹುಡುಕುವವರು ಈ ಎರಡು ಹೆಸರುಗಳನ್ನು ಬಿಡಬಾರದು.

ಮುದ್ರಣ ಬಂದ ಮೇಲೆ ಲೋಕದ ಬೇರೆ ಭಾಗಗಳಲ್ಲಿಯೂ ಈ ಕಸುಬು ಹೊಸ ರೂಪ ತಳೆಯಿತು. ವಿಲಿಯಂ ಥಾಮ್ಸ್ 1849ರಲ್ಲಿ ಲಂಡನ್ನಿನಲ್ಲಿ ‘ನೋಟ್ಸ್ ಅಂಡ್ ಕ್ವೆರೀಸ್’ ಎಂಬ ಪತ್ರಿಕೆಯನ್ನು ಹೊರಡಿಸಿದ್ದೇ ವಿದ್ವಾಂಸರು ಪರಸ್ಪರ ಕೇಳಿ ತಿಳಿಯಲೆಂದು. 1872ರಲ್ಲಿ ಮುಂಬಯಿಯಲ್ಲಿ ಜೇಮ್ಸ್ ಬರ್ಜೆಸ್ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ ಅದೇ ದಾರಿಯದು. ಕನ್ನಡ ಶಾಸನಗಳ ಅಧ್ಯಯನಕ್ಕೆ ಅದರ ಪುಟಗಳ ಋಣವಿದೆ. ಆದರೆ ಅಲ್ಲಿ ಕೇಳುವವರೂ ಬಲ್ಲವರೇ. ಕನ್ನಡದಲ್ಲಿ ಸಾಮಾನ್ಯ ಓದುಗನ ಪ್ರಶ್ನೆಗೆ ಅಚ್ಚಿನ ಮರ್ಯಾದೆ ತಂದುಕೊಟ್ಟವು ಜನಪ್ರಿಯ ಪತ್ರಿಕೆಗಳು. ಬೀಚಿಯವರು ‘ಸುಧಾ’ದಲ್ಲಿ ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಚುರುಕು ಉತ್ತರಗಳು ಮನೆಮಾತಾಗಿದ್ದವು. ಅಲ್ಲಿ ನಗೆಯೇ ಗುರಿ, ಪ್ರಶ್ನೆ ನೆಪ. ‘ಇಗೋ ಕನ್ನಡ’ದಲ್ಲಿ ಪ್ರಶ್ನೆ ನೆಪವಾಗಿರಲಿಲ್ಲ.

ಅದು ಏಕೆಂದು ತಿಳಿಯಲು ಪರಿಷತ್ತಿನ ನಿಘಂಟನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ಮಹಾಕಾರ್ಯ ಅರ್ಧ ಶತಮಾನದಷ್ಟು ಕಾಲವನ್ನು ತೆಗೆದುಕೊಂಡಿತು. ಕೊನೆಯ ಸಂಪುಟ ಹೊರಬಂದದ್ದು 1995ರಲ್ಲಿ. ಶಾಸನ, ಕಾವ್ಯ, ಗದ್ಯಗಳಿಂದ ಆಯ್ದ ಪ್ರಯೋಗಗಳು ಚೀಟಿಗಳಲ್ಲಿ ಸೇರಿ, ಕಾಲಾನುಕ್ರಮದಲ್ಲಿ ಕುಳಿತು, ಪದದ ಚರಿತ್ರೆಯಾಗುತ್ತವೆ. ಅಲ್ಲಿ ಸಾಕ್ಷಿ ಹೇಳುವವರು ಕವಿಗಳು, ಶಾಸನ ಬರೆದವರು. ಅಂಕಣದಲ್ಲಿ ಸಾಕ್ಷಿಕಟ್ಟೆಗೆ ಬಂದವರು ಬೇರೆ: ಮನೆಯಲ್ಲಿ ಅಜ್ಜಿ ಆಡುವ ಮಾತು ಕೋಶದಲ್ಲಿ ಸಿಗದೆ ತಬ್ಬಿಬ್ಬಾದವರು, ಎರಡು ಬರಹರೂಪಗಳಲ್ಲಿ ಯಾವುದು ಸರಿಯೆಂದು ಜಗಳವಾಡಿದವರು. ಒಂದು ಪದಕ್ಕೆ ಏನರ್ಥವೆಂಬುದನ್ನು ನಿಘಂಟು ಹೇಳುತ್ತದೆ. ಯಾವ ಪದ ಯಾವ ಕಾಲದಲ್ಲಿ ಜನರಿಗೆ ಅಪರಿಚಿತವಾಗತೊಡಗಿತು, ಯಾವುದರ ಬಗ್ಗೆ ಅವರಿಗೆ ಹಿಂಜರಿಕೆ ಹುಟ್ಟಿತು ಎಂಬುದನ್ನು ಹೇಳಬಲ್ಲದ್ದು ಪ್ರಶ್ನೆ ಮಾತ್ರ. ಅಂಕಣದ ಬರಹಗಳು ಗ್ರಂಥವಾದಾಗ ಅದಕ್ಕೆ ‘ಸಾಮಾಜಿಕ ನಿಘಂಟು’ ಎಂಬ ಹೆಸರು ಬಂದದ್ದು ಅರ್ಥಪೂರ್ಣವಾಗಿದೆ.

ಆದರೆ ನಿಘಂಟೆಂದ ಮೇಲೆ ಓದುಗನ ಕಣ್ಣು ಪದದ ಮೇಲೆ ನಿಲ್ಲುತ್ತದೆ, ಕೇಳಿದವನ ಮೇಲಲ್ಲ. ಈ ಅಂಕಣವನ್ನು ಅಧ್ಯಯನಕ್ಕೆ ತೆಗೆದುಕೊಳ್ಳುವವರು ಗ್ರಂಥವೊಂದನ್ನೇ ನೆಚ್ಚದೆ ಪತ್ರಿಕೆಯ ಹಳೆಯ ಸಂಚಿಕೆಗಳಿಗೆ ಹೋಗಬೇಕು. ಯಾವ ವಾರ ಯಾವ ಪ್ರಶ್ನೆ ಬಂತು, ಅದರ ಅಕ್ಕಪಕ್ಕದ ಸುದ್ದಿ ಏನಿತ್ತು, ಒಂದೇ ಸಂದೇಹ ಎಷ್ಟು ಸಲ ಮರಳಿತು ಎಂಬುದನ್ನು ಗುರುತಿಸಬೇಕು. ವ್ಯಾಖ್ಯಾಪ್ರಜ್ಞಪ್ತಿಯ ವಿಷಯದಲ್ಲಿ ಎಣಿಕೆಯಾದರೂ ಉಳಿದಿತ್ತು. ಈ ಕಾಲದ ಕಾಗದಗಳ ವಿಷಯದಲ್ಲಿ ಅಷ್ಟೂ ಉಳಿಯದೆ ಹೋದರೆ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕನ್ನಡಿಗರು ತಮ್ಮ ನುಡಿಯ ಬಗ್ಗೆ ಏನನ್ನು ಮರೆಯುತ್ತಿದ್ದರೆಂಬುದಕ್ಕೆ ಬೇರೆ ಆಕರವಿಲ್ಲ. 2021ರ ಏಪ್ರಿಲ್ 19ರಂದು ವೆಂಕಟಸುಬ್ಬಯ್ಯನವರು ತೀರಿಕೊಂಡಾಗ ಅವರಿಗೆ 107 ವರ್ಷ. ಆ ಕಾಗದಗಳನ್ನು ಬರೆದವರಲ್ಲಿಯೂ ಅನೇಕರು ಇಂದು ಇರಲಾರರು.

ಇನ್ನು ಕಿರುಗಾವಲಿನ ಪ್ರಶ್ನೆಗಳು. ಸಮಾಸದಲ್ಲಿ ಉತ್ತರಪದದ ಆದಿಯ ಕ-ತ-ಪಗಳಿಗೆ ಗ-ದ-ಬಗಳು ಆದೇಶವಾಗುವುದು ಕೇಶಿರಾಜನಿಗೆ ತಿಳಿದಿದ್ದ ನಿಯಮವೇ. ಮಳೆಗಾಲ, ಬೆಟ್ಟದಾವರೆ, ಕಂಬನಿ, ಕಿರುಗಾವಲು ಎಲ್ಲ ಒಂದೇ ದಾರಿಯವು. ಹಾಗಾದರೆ ‘ಕಿರುತೆರೆ’ ತಪ್ಪೇ? ‘ಶಬ್ದಮಣಿದರ್ಪಣ’ದ ಆರಂಭದಲ್ಲಿ ಕೇಶಿರಾಜ ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರನ್ನು ಹೆಸರಿಸಿ, ಅವರ ಮಾರ್ಗವೇ ತನಗೆ ಲಕ್ಷ್ಯವೆನ್ನುತ್ತಾನೆ. ಲಕ್ಷ್ಯ ಮೊದಲು, ಲಕ್ಷಣ ಆಮೇಲೆ. ‘ಬೆಳ್ಳಿತೆರೆ’ಯ ತಂಗಿಯಾಗಿ ಹುಟ್ಟಿದ ಪದದಲ್ಲಿ ‘ತೆರೆ’ ಎಂಬುದು ಕಿವಿಗೆ ನಿಚ್ಚಳವಾಗಿ ಕೇಳಬೇಕಾಗಿತ್ತು. ‘ದೆರೆ’ ಎಂದರೆ ಇಂದಿನ ಕೇಳುಗನಿಗೆ ತಿಳಿಯದು. ನಾಡೆಲ್ಲ ಒಪ್ಪಿ ಆಡುತ್ತಿರುವ ಮಾತನ್ನು ತಿದ್ದಹೊರಡುವುದು ಕೇಶಿರಾಜನ ಶಿಷ್ಯರಿಗೆ ತಕ್ಕುದಲ್ಲ.

ಎರಡನೆಯದು ವ್ಯಾಕರಣದಿಂದ ಮುಗಿಯುವ ಪ್ರಶ್ನೆಯಲ್ಲ. ‘ಕಾವಲು’ ಎಂದರೆ ಪಹರೆ. ದನಗಳ ಮೇವಿಗಾಗಿ ಕಾದಿರಿಸಿದ ಹುಲ್ಲುಗಾವಲೂ ಹೌದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹಳೆಯ ಮೈಸೂರಿನ ಉದ್ದಕ್ಕೂ ಅದರ ಕಾವಲುಗಳು ಹರಡಿದ್ದವು. ಜಾರಕಬಂಡೆ ಕಾವಲ್‌ನಂಥ ಹೆಸರುಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಸಮಾಸವು ಎರಡು ಅರ್ಥಕ್ಕೂ ಸಮಾನವಾಗಿ ಎಡೆಕೊಡುತ್ತದೆ. ಇಲ್ಲಿ ವೀರಸೇನರ ದಾರಿ ಹಿಡಿದು ಎರಡನ್ನೂ ಇಟ್ಟುಕೊಂಡು, ಊರಿನ ಹಳೆಯ ಕಂದಾಯ ಕಡತಗಳನ್ನೂ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮಂಡ್ಯ ಜಿಲ್ಲೆಯ ಸಂಪುಟಗಳನ್ನೂ ತೆರೆಯುವುದೇ ಸರಿ. ತೆರೆಯುವವರಿಗೆ ಒಂದು ಎಚ್ಚರಿಕೆ: ಸಾತಕರ್ಣಿ ಮತ್ತು ಕದಂಬರ ಪ್ರಾಕೃತ ಬರಹಗಳಿರುವ ಪ್ರಸಿದ್ಧ ಮಳವಳ್ಳಿ ಸ್ತಂಭಶಾಸನ ಈ ಮಳವಳ್ಳಿಯದಲ್ಲ, ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯದು.