ಹಳ್ಳಿಯ ಉಡುಪು, ಲೋಕದ ಗುರುತು: ಡಾಟರ್ಸ್ ಆಫ್ ಚಾರಿಟಿ ಸಭೆಯ ಬಿಳಿಯ ಶಿರವಸ್ತ್ರ

ಕನ್ಯಾಸ್ತ್ರೀಯರ ಉಡುಪಿನ ಚರ್ಚೆಯಲ್ಲಿ ‘ಪರಂಪರೆ’ ಎಂಬ ಶಬ್ದ ಬಲುಬೇಗ ನಾಲಗೆಗೆ ಬರುತ್ತದೆ. ಯಾವ ಪರಂಪರೆ ಎಂದು ನಾವು ಕೇಳಿಕೊಳ್ಳುವುದು ಮಾತ್ರ ಅಪರೂಪ.

1566ರಲ್ಲಿ ಪೋಪ್ ಐದನೆಯ ಪಿಯುಸರು ವ್ರತಧಾರಿಣಿಯರೆಲ್ಲರೂ ಮಠದ ಆವರಣದೊಳಗೇ ಬಾಳಬೇಕೆಂದು ವಿಧಿಸಿದರು. ಸಂತ ಫ್ರಾನ್ಸಿಸ್ ದ ಸಾಲೆಸರು 1610ರಲ್ಲಿ ಸಂತ ಜೇನ್ ದ ಶಾಂತಾಲರೊಡನೆ ಆರಂಭಿಸಿದ ವಿಸಿಟೇಷನ್ ಸಭೆಯ ಸೋದರಿಯರು ರೋಗಿಗಳ ಮನೆಗಳಿಗೇ ಹೋಗುತ್ತಿದ್ದರು. ಒಂದು ದಶಕ ಕಳೆಯುವ ಮುನ್ನವೇ ಅವರೂ ಗೋಡೆಯೊಳಗಾದರು. ಇದನ್ನು ಕಣ್ಣಾರೆ ಕಂಡಿದ್ದ ಸಂತ ವಿನ್ಸೆಂಟ್ ದ ಪೌಲರು 1633ರಲ್ಲಿ ಸಂತ ಲೂಯಿಸ್ ದ ಮರಿಲ್ಯಾಕರೊಡನೆ ಡಾಟರ್ಸ್ ಆಫ್ ಚಾರಿಟಿ ಸಭೆಯನ್ನು ಸ್ಥಾಪಿಸಿದಾಗ ತಮ್ಮ ಸೋದರಿಯರನ್ನು ಕನ್ಯಾಸ್ತ್ರೀಯರೆಂದು ಕರೆಯಗೊಡಲಿಲ್ಲ. ಉಡುಪಿನಲ್ಲಿಯೂ ಅದೇ ಎಚ್ಚರ. ಮುಸುಕಿಲ್ಲ, ಪ್ಯಾರಿಸಿನ ಸುತ್ತಲ ಹಳ್ಳಿಯ ಹೆಂಗಸರು ತೊಡುತ್ತಿದ್ದ ಬೂದುಬಣ್ಣದ ಒರಟು ಉಣ್ಣೆಯ ಉಡುಗೆ, ತಲೆಗೊಂದು ಬಿಳಿಯ ಬಟ್ಟೆ. ಸಭೆ ಸೇರುತ್ತಿದ್ದವರಲ್ಲಿ ಬಹುಮಂದಿ ಹಳ್ಳಿಯ ಹುಡುಗಿಯರೇ. ಜನ ಅವರನ್ನು ‘ಬೂದುಬಣ್ಣದ ಸೋದರಿಯರು’ ಎಂದರು.

ಮುಂದೆ ನಡೆದದ್ದು ವಿಚಿತ್ರ. ತರುವಾಯ ಬಳಕೆಗೆ ಬಂದ ‘ಕಾರ್ನೆಟ್’ ಎಂಬ ಶಿರವಸ್ತ್ರವೂ ಹಳ್ಳಿಯದೇ. ಹಳ್ಳಿಯವರು ಕಾಲಕ್ರಮದಲ್ಲಿ ಅದನ್ನು ಬಿಟ್ಟರು, ಸೋದರಿಯರು ಬಿಡಲಿಲ್ಲ. ಗಂಜಿ ಹಾಕಿ ಬಿಗಿಗೊಳಿಸಿದ ಆ ಬಟ್ಟೆ ಇಕ್ಕೆಲಗಳಲ್ಲೂ ಹಕ್ಕಿಯ ರೆಕ್ಕೆಯಂತೆ ಚಾಚಿಕೊಂಡಿತು. (ಅದರ ಚೆಲುವನ್ನು ಹೊಗಳುವವರು ಗಂಜಿ ಹಾಕಿ ಮಡಿಸಿದ ಕೈಗಳನ್ನು ನೆನೆಯುವುದಿಲ್ಲ.) ಬಡವರ ನಡುವೆ ಬೇರೆಯಾಗಿ ಕಾಣದಿರಲೆಂದು ಆಯ್ದುಕೊಂಡದ್ದೇ ಲೋಕವೆಲ್ಲ ದೂರದಿಂದ ಗುರುತಿಸುವ ಚಿಹ್ನೆಯಾಯಿತು.

1964ರ ಸೆಪ್ಟೆಂಬರ್ 20ರಂದು ಸಭೆ ಅದನ್ನು ಕೈಬಿಟ್ಟಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು ಉಡುಪು ಸರಳವೂ ಬಡತನಕ್ಕೆ ಒಪ್ಪುವಂಥದೂ ಆರೋಗ್ಯ, ಕಾಲ, ದೇಶ, ಸೇವೆಗಳಿಗೆ ಹೊಂದುವಂಥದೂ ಆಗಿರಬೇಕೆಂದು ಹೇಳಿದ್ದು ಮರುವರ್ಷದ ಅಕ್ಟೋಬರಿನಲ್ಲಿ. ಹೀಗಿರುವಾಗ, ಮಹಾಸಭೆ ಪರಂಪರೆಯನ್ನು ಕೆಡಿಸಿತೆಂಬ ದೂರು ಈ ಪ್ರಸಂಗದಲ್ಲಂತೂ ನಿಲ್ಲದು. ಸಂಸ್ಥಾಪಕರ ಆಶಯಕ್ಕೆ ಹೆಚ್ಚು ದೂರವಾಗಿದ್ದುದು ಆ ರೆಕ್ಕೆಯೇ ಎಂಬುದು ನಮ್ಮ ಅಭಿಪ್ರಾಯ.

ಆದರೆ ಉಡುಪೇ ಬೇಡವೆನ್ನುವವರಿಗೂ ಇಲ್ಲಿ ಪೂರ್ಣ ಬೆಂಬಲವಿಲ್ಲ. ಸೋದರಿಯರೆಲ್ಲರ ಉಡುಪು ಒಂದೇ ಬಗೆಯಾಗಿರಬೇಕೆಂಬುದು ವಿನ್ಸೆಂಟರ ಹಟವೂ ಆಗಿತ್ತು. 1983ರ ಧರ್ಮಸಭಾ ಸಂಹಿತೆಯ 669ನೆಯ ವಿಧಿ ಉಡುಪನ್ನು ಸಮರ್ಪಣೆಯ ಚಿಹ್ನೆಯೆಂದೂ ಬಡತನದ ಸಾಕ್ಷಿಯೆಂದೂ ಕರೆಯುತ್ತದೆ. ಚಿಹ್ನೆ ಎದ್ದು ಕಾಣಬೇಕು, ಬಡತನ ಜನರೊಳಗೆ ಬೆರೆಯಬೇಕು.

ನಮ್ಮ ತರಗತಿಯಲ್ಲಿ ಸೀರೆಯುಟ್ಟ ಧರ್ಮಭಗಿನಿಯರೂ ನಿಲುವಂಗಿ ತೊಟ್ಟವರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈ ಪಾಠದ ದಿನ ಚರ್ಚೆ ಗಂಟೆ ಹೊಡೆದ ಮೇಲೂ ಮುಗಿಯುವುದಿಲ್ಲ.