ನಿವೃತ್ತಿ ವೀಸಾ (ಥಾಯ್ಲೆಂಡ್)

50 ವರ್ಷ ತುಂಬಿದ ವಿದೇಶಿಯರು ಉದ್ಯೋಗ ಮಾಡದೆ ಥಾಯ್ಲೆಂಡಿನಲ್ಲಿ ನೆಲೆಸಲು ಅಲ್ಲಿನ ಸರ್ಕಾರ ನೀಡುವ ದೀರ್ಘಾವಧಿ ಅನುಮತಿ. ಬಳಕೆಯಲ್ಲಿ ಹೆಸರು ಒಂದೇ ಆದರೂ ವ್ಯವಸ್ಥೆ ಎರಡು: ದೇಶ ಪ್ರವೇಶಕ್ಕೆ ರಾಯಭಾರ ಕಚೇರಿ ಕೊಡುವ ವೀಸಾ, ಒಳಬಂದ ಮೇಲೆ ವಲಸೆ ಇಲಾಖೆ ವರ್ಷಕ್ಕೊಮ್ಮೆ ಕೊಡುವ ವಾಸ್ತವ್ಯ ವಿಸ್ತರಣೆ. 1979ರ ವಲಸೆ ಕಾಯ್ದೆ ಇದಕ್ಕೆ ಆಧಾರ.

‘ಓ’ ವರ್ಗದಲ್ಲಿ ಮೊದಲಿಗೆ 90 ದಿನ, ‘ಓ-ಎ’ಯಲ್ಲಿ ಒಂದು ವರ್ಷ ಸಿಗುತ್ತದೆ, ಎರಡನೆಯದಕ್ಕೆ ಆರೋಗ್ಯವಿಮೆ ಕಡ್ಡಾಯ. ಹತ್ತು ವರ್ಷದವರೆಗಿನ ‘ಓ-ಎಕ್ಸ್’ 14 ದೇಶಗಳ ನಾಗರಿಕರಿಗೆ ಮೀಸಲಾಗಿ ಆರಂಭವಾಯಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ.

ವಿಸ್ತರಣೆಯ ತಿರುಳು ಹಣದ ಪುರಾವೆ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ, ಅಥವಾ ಎರಡೂ ಸೇರಿ ವರ್ಷಕ್ಕೆ 8 ಲಕ್ಷ ತೋರಿಸಬೇಕು. 2019ರ ತಿದ್ದುಪಡಿಯಂತೆ ಠೇವಣಿ ಅರ್ಜಿಗೆ ಎರಡು ತಿಂಗಳು ಮೊದಲೇ ಖಾತೆಯಲ್ಲಿದ್ದು, ಮಂಜೂರಾತಿಯ ನಂತರ ಮೂರು ತಿಂಗಳು ಕದಲುವಂತಿಲ್ಲ. ಉಳಿದ ಅವಧಿಯಲ್ಲೂ 4 ಲಕ್ಷಕ್ಕಿಂತ ಇಳಿಯಬಾರದು. ವರ್ಷವಿಡೀ ಈ ಹಣದ ಅರ್ಧ ಭಾಗ ಕೈಗೆಟುಕದಿರುವುದೇ ನಿಯಮದ ಬಿಗಿಯಾದ ಅಂಶ. ಅರ್ಜಿಯೊಡನೆ ಬ್ಯಾಂಕಿನ ಪತ್ರ, ಹೊಸದಾಗಿ ನಮೂದು ಮಾಡಿಸಿದ ಪಾಸ್‌ಬುಕ್, 1,900 ಬಾತ್ ಶುಲ್ಕ ಸಲ್ಲಬೇಕು.

ವಿಸ್ತರಣೆ ಪಡೆದವರು 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಮರುಪ್ರವೇಶ ಪರವಾನಗಿ ಇಲ್ಲದೆ ದೇಶ ಬಿಟ್ಟರೆ ಅನುಮತಿ ರದ್ದಾಗುತ್ತದೆ. ಅವಧಿ ಮೀರಿದರೆ ದಿನಕ್ಕೆ 500 ಬಾತ್‌ನಂತೆ ಗರಿಷ್ಠ 20,000 ಬಾತ್ ದಂಡವಿದೆ.