ವೆಬ್ ಸರ್ವರ್‌ನಲ್ಲಿ ಯಂತ್ರಾಂಶ ಆಧಾರಿತ ಗೂಢಲಿಪೀಕರಣ: ಅಳವಡಿಕೆಯ ಕ್ರಮ

ಪೀಠಿಕೆ

ನಾಗರಿಕರು ಜಾಲತಾಣದ ಮೂಲಕ ಸಲ್ಲಿಸುವ ಅರ್ಜಿ, ಗುಪ್ತಪದ ಹಾಗೂ ಪಾವತಿಯ ವಿವರಗಳು ಮಾರ್ಗಮಧ್ಯದಲ್ಲಿ ಅನ್ಯರ ಪಾಲಾಗದಂತೆ ಅವುಗಳನ್ನು ಟಿಎಲ್‌ಎಸ್ ವಿಧಾನದಿಂದ ಗೂಢಲಿಪಿಗೆ ಪರಿವರ್ತಿಸಲಾಗುತ್ತದೆ. ಸರ್ವರ್‌ಗೆ ಹೊರೆಯಾಗುತ್ತದೆ ಎಂಬ ಕಾರಣದಿಂದ ಕೆಲವು ಪುಟಗಳಿಗೆ ಮಾತ್ರ ಈ ರಕ್ಷಣೆ ನೀಡುವ ರೂಢಿ ಹಿಂದೆ ಇತ್ತು. ಪ್ರೊಸೆಸರ್‌ನಲ್ಲಿಯೇ ಈ ಸೌಲಭ್ಯವಿರುವ ಸರ್ವರ್‌ಗಳಿಗೆ ಆ ಕಾರಣ ಅನ್ವಯಿಸುವುದಿಲ್ಲ.

ಹಿನ್ನೆಲೆ

ಎಇಎಸ್ ಗೂಢಲಿಪಿ ವಿಧಾನವನ್ನು ಅಮೆರಿಕವು 2001ರಲ್ಲಿ ಮಾನಕವಾಗಿ ಅಂಗೀಕರಿಸಿತು. ಇದರ ಲೆಕ್ಕಾಚಾರವನ್ನು ನೇರವಾಗಿ ನಿರ್ವಹಿಸುವ ‘ಎಇಎಸ್-ಎನ್‌ಐ’ ಸೂಚನೆಗಳು 2010ರಲ್ಲಿ ಇಂಟೆಲ್ ಪ್ರೊಸೆಸರ್‌ಗಳಲ್ಲಿಯೂ, 2011ರಲ್ಲಿ ಎಎಂಡಿ ಪ್ರೊಸೆಸರ್‌ಗಳಲ್ಲಿಯೂ ಬಂದವು.

ಅಳವಡಿಕೆಯ ಕ್ರಮ

1. ಲಿನಕ್ಸ್ ಸರ್ವರ್‌ನಲ್ಲಿ ಪ್ರೊಸೆಸರ್ ವಿವರಗಳನ್ನು ತೆರೆದು, ‘ಫ್ಲಾಗ್ಸ್’ ಸಾಲಿನಲ್ಲಿ ‘ಎಇಎಸ್’ ಎಂಬ ಪದವಿದೆಯೇ ಎಂದು ಪರಿಶೀಲಿಸತಕ್ಕದ್ದು.

2. ವರ್ಚುವಲ್ ಸರ್ವರ್ ಆಗಿದ್ದಲ್ಲಿ, ಮೂಲಯಂತ್ರದಲ್ಲಿ ಸೌಲಭ್ಯವಿದ್ದರೂ ಅದು ಒಳಗೆ ಕಾಣಿಸದಿರಬಹುದು. ಆಗ ವರ್ಚುವಲ್ ಯಂತ್ರಕ್ಕೆ ನಿಗದಿಪಡಿಸಿದ ಪ್ರೊಸೆಸರ್ ಮಾದರಿಯನ್ನು ಬದಲಿಸಬೇಕು.

3. ಅಪಾಚೆ ಮತ್ತು ಎಂಜಿನ್‌ಎಕ್ಸ್ ಸರ್ವರ್‌ಗಳು ಸಾಮಾನ್ಯವಾಗಿ ಬಳಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು 2012ರ 1.0.1 ಆವೃತ್ತಿಯಿಂದ ಈ ಸೂಚನೆಗಳನ್ನು ತಾನಾಗಿಯೇ ಬಳಸುತ್ತದೆ. ಆದರೆ ಆ ಹಳೆಯ ಆವೃತ್ತಿಗೆ ಈಗ ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲವಾದ್ದರಿಂದ, ಪರಿಷ್ಕರಣೆ ದೊರೆಯುತ್ತಿರುವ ಆವೃತ್ತಿಯನ್ನೇ ಬಳಸತಕ್ಕದ್ದು.

4. ಟಿಎಲ್‌ಎಸ್ 1.2 ಮತ್ತು 1.3 ಆವೃತ್ತಿಗಳಿಗೆ ಮಾತ್ರ ಅವಕಾಶ ನೀಡಿ, ‘ಎಇಎಸ್-ಜಿಸಿಎಂ’ ವಿಧಾನಕ್ಕೆ ಆದ್ಯತೆ ಕೊಡಬೇಕು. 1.0 ಮತ್ತು 1.1 ಆವೃತ್ತಿಗಳ ಬಳಕೆಯನ್ನು ಅಂತರಜಾಲ ಮಾನಕ ಮಂಡಳಿಯಾದ ಐಇಟಿಎಫ್ 2021ರಲ್ಲಿ ಕೈಬಿಟ್ಟಿದೆ.

5. ಓಪನ್‌ಎಸ್‌ಎಸ್‌ಎಲ್‌ನ ‘ಸ್ಪೀಡ್’ ಪರೀಕ್ಷೆಯನ್ನು ‘ಇವಿಪಿ’ ಆಯ್ಕೆಯೊಂದಿಗೆ ನಡೆಸಿ, ಬದಲಾವಣೆಗೆ ಮೊದಲಿನ ಹಾಗೂ ನಂತರದ ವೇಗವನ್ನು ದಾಖಲಿಸಿಕೊಳ್ಳಬೇಕು.

ಮಿತಿಗಳು

ಈ ಸೂಚನೆಗಳು ದತ್ತಾಂಶದ ಗೂಢಲಿಪೀಕರಣವನ್ನು ಮಾತ್ರ ತ್ವರಿತಗೊಳಿಸುತ್ತವೆ. ಸಂಪರ್ಕದ ಆರಂಭದಲ್ಲಿ ಸರ್ವರ್‌ನ ಗುರುತನ್ನು ದೃಢಪಡಿಸಲು ಬಳಸುವ ಆರ್‌ಎಸ್‌ಎ ಲೆಕ್ಕಾಚಾರದ ಹೊರೆ ಹಾಗೆಯೇ ಉಳಿಯುತ್ತದೆ. ಎಲಿಪ್ಟಿಕ್ ಕರ್ವ್ ಪ್ರಮಾಣಪತ್ರವನ್ನು ಬಳಸುವುದರಿಂದಲೂ, ಹಿಂದಿನ ಸಂಪರ್ಕವನ್ನು ಮುಂದುವರಿಸುವ ವ್ಯವಸ್ಥೆಯಿಂದಲೂ ಇದನ್ನು ತಗ್ಗಿಸಬಹುದು. ಅನಂತರವೂ ಹೊರೆ ಹೆಚ್ಚಾಗಿದ್ದಲ್ಲಿ ಮಾತ್ರ ಪ್ರತ್ಯೇಕ ವೇಗವರ್ಧಕ ಕಾರ್ಡನ್ನು ಪರಿಗಣಿಸಬಹುದು.

ಎಚ್ಚರಿಕೆ

ವೇಗ ಹೆಚ್ಚಿದ ಮಾತ್ರಕ್ಕೆ ಭದ್ರತೆ ಹೆಚ್ಚಿದಂತಾಗುವುದಿಲ್ಲ. ಖಾಸಗಿ ಕೀಲಿಯ ಕಡತವು ಅನ್ಯರ ಕೈಸೇರಿದರೆ ಮೇಲಿನ ಯಾವ ಕ್ರಮವೂ ನಾಗರಿಕರ ಮಾಹಿತಿಯನ್ನು ಕಾಪಾಡಲಾರದು. ಆದುದರಿಂದ ಆ ಕಡತವನ್ನು ಓದುವ ಅಧಿಕಾರವನ್ನು ಅಗತ್ಯವಿರುವವರಿಗೆ ಮಾತ್ರ ಸೀಮಿತಗೊಳಿಸತಕ್ಕದ್ದು. ಹೊಸ ಉಪಕರಣಗಳ ಖರೀದಿಗೆ ಮುನ್ನ, ಇರುವ ಸರ್ವರ್‌ನಲ್ಲಿ ಮೇಲಿನ ಪರಿಶೀಲನೆಯನ್ನು ಪೂರ್ಣಗೊಳಿಸುವುದು ಸೂಕ್ತ.